ಎಲೆ ಕಾಯುವ ತಪ್ಪಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಮಡಚಿ ಹಾಸಿದ ದಪ್ಪ ಹೊದಿಕೆ, ಅದರ ಸುತ್ತ ನಾಲ್ಕು ಕುರ್ಚಿ, ಎರಡು ಸ್ಟೂಲು, ಬೋರಲು ಹಾಕಿದ ಒಂದು ಬಕೆಟ್ಟು. ಇಷ್ಟೆಲ್ಲ ಆಸನಗಳಿಗೂ ಸೇರಿ ಕೂತಿರುವುದು ಒಬ್ಬರೇ, ಅತ್ತೆ. ಸೊಸೆ ಇಸ್ಪೀಟು ಕಲಸುತ್ತಾರೆ. ಸದ್ದೇ ಇಲ್ಲ. ಒಲೆಯ ಮೇಲಿನ ನೀರು ಕುದಿಯಲು ಶುರುವಾದದ್ದು ಕೇಳಿಸುತ್ತದೆ, ಎಲೆಗಳು ಒಂದರೊಳಗೊಂದು ಸೇರಿಕೊಳ್ಳುವುದು ಕೇಳಿಸುವುದಿಲ್ಲ. ಆಮೇಲೆ ಖಾಲಿ ಕುರ್ಚಿಗಳ ಮುಂದೆ, ಬಕೆಟ್ಟಿನ ಮುಂದೆ, ಎರಡೆರಡು ಎಲೆ ಹಾರಿ ಹೋಗಿ ಹೇಳಿದ ಜಾಗದಲ್ಲೇ ಕೂರುತ್ತವೆ.

ಅತ್ತೆ ಶಾಲನ್ನು ಸರಿಮಾಡಿಕೊಂಡು ಪಕ್ಕದ ಕುರ್ಚಿಯ ಎರಡು ಎಲೆಗಳನ್ನು ಎತ್ತಿ ಎಸೆಯುತ್ತಾರೆ. ಅವು ಜಾರಿಕೊಂಡು ಬಂದು ಅತ್ತೆಯದೇ ಎಲೆಗಳಿಗೆ ಒರಗಿ ನಿಲ್ಲುತ್ತವೆ. ಬೇಕೆಂದೇ ಹಾಗೆ ಎಸೆದದ್ದು. ಸೊಸೆಯ ಕೈ ಬಾಚಲು ಬರುತ್ತದೆ.

"ಎತ್ಕೊಂಡೆ! ನನ್ನ ಎಲೇನೂ ಬಾಚ್ಕೊಂಡೆ!" ಅತ್ತೆ ಮೇಜು ಕುಟ್ಟುತ್ತಾರೆ.

"ಎಲ್ಲಿ ಬಾಚಿದೆ ಅತ್ತೆ? ಕೈ ನಿಂತಿದೆ ನೋಡಿ."

"ನಿಂತಿದೆಯಂತೆ. ಕೂದಲೆಳೆಯಷ್ಟು ದೂರದಲ್ಲಿ ನಿಂತಿದೆ."

"ಕೂದಲೆಳೆ ಸಾಕು ನನಗೆ" ಎನ್ನುತ್ತಾರೆ ಸೊಸೆ.

"ಆಟದ ಮೇಜಲ್ಲಿ ಒಂಬತ್ತು ಜನ ಕೊಡೋ ಕಾಟಾನ ಮನೇಲಿ ಇವರೊಬ್ಬರೇ ಕೊಡ್ತಾರೆ" ಎಂದು ಸೊಸೆ, ಪತ್ರಿಕೆಗೆ ಬರೆಯಲು ಬಂದಿರುವ ನನ್ನ ಕಡೆ ತಿರುಗಿ ಹೇಳುತ್ತಾರೆ. ಅತ್ತೆಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತದೆ. "ಮತ್ತೆ? ಅತ್ತೆ ಅಂದ್ರೆ ಸುಮ್ನೇನಾ?"

ಈ ಸೊಸೆ ಪೋಕರ್ ಟೂರ್ನಿಗಳಲ್ಲಿ ಎಲೆ ಹಂಚುವವರು. ಕೆಲಸದ ಜಾಗದಲ್ಲಿ ಎಲ್ಲರೂ ಅವರನ್ನು ಕರೆಯುವುದು ತಪ್ಪಕ್ಕ ಎಂದು. ಹೆಸರಿನ ಕತೆ ಆಮೇಲೆ ಹೇಳುತ್ತೇನೆ. ಮೊದಲು ಆಟದ ವಿಷಯ. ಮೊನ್ನೆಯವರೆಗೆ ನನಗೂ ಗೊತ್ತಿರಲಿಲ್ಲ, ಹಾಗಾಗಿ ನನಗೆ ಅರ್ಥವಾದಷ್ಟೇ ಹೇಳಬಲ್ಲೆ.

ಮೇಜಿಗೆ ಒಂಬತ್ತು ಜನ. ಪ್ರತಿಯೊಬ್ಬರಿಗೂ ಎರಡು ಎಲೆ, ಮುಖ ಕೆಳಗೆ. ಆಡುವ ಮನಸ್ಸಿಲ್ಲದವರು ತಮ್ಮ ಸರದಿ ಬಂದಾಗ ಮುಚ್ಚಿದ ಹಾಗೆಯೇ ಎಸೆಯುತ್ತಾರೆ. ಹಂಚುವವರು ಅವನ್ನು ಬಾಚಿ ಬದಿಯ ಗುಡ್ಡೆಗೆ ಸೇರಿಸುತ್ತಾರೆ. ಗುಡ್ಡೆ ಸೇರಿದ ಎಲೆ ಸತ್ತ ಎಲೆ. ಅದಕ್ಕೇ ಆಟಗಾರರು ತಮ್ಮ ಎಲೆಗಳ ಮೇಲೆ, ಹಣದ ಬದಲು ಪಣಕ್ಕಿಡುವ ಒಂದು ಬಿಲ್ಲೆಯನ್ನೋ, ಕೀಲಿಕೈಯನ್ನೋ, ಏನೂ ಇಲ್ಲದಿದ್ದರೆ ಎರಡು ಬೆರಳನ್ನೋ ಇಟ್ಟು ಕಾಯುತ್ತಾರೆ. ಹಾಗೆ ಕಾಯದೆ ಬಿಟ್ಟ ಎಲೆಗಳನ್ನು ಹಂಚುವವರ ಕೈ ಬಾಚಿಕೊಂಡು ಹೋದರೆ ನಷ್ಟ ಆಟಗಾರರದೇ. ನಿಯಮ ಹೀಗಿದೆ: ನಿಮ್ಮ ಎಲೆ ನೀವು ಕಾಯಬೇಕು. ಹಂಚುವವರ ಎಡಬಲದ ಎರಡು ಕುರ್ಚಿಗಳಿಗೆ ಈ ಅಪಾಯ ಹೆಚ್ಚು, ಏಕೆಂದರೆ ಬಾಚುವ ಕೈ ಓಡಾಡುವ ದಾರಿ ಅದೇ. ಅತ್ತೆ ಬೆಳಿಗ್ಗೆ ಬೆಳಿಗ್ಗೆ ಹಟ ಹಿಡಿದು ಕೂರುವುದೂ ಅದೇ ಜಾಗದಲ್ಲಿ.

ತಪ್ಪಕ್ಕನಿಗೆ ಇವತ್ತು ಟೂರ್ನಿಯ ಕೊನೆಯ ದಿನ. ಸಂಜೆಯಾಗುವ ಹೊತ್ತಿಗೆ ನೂರಾರು ಆಟಗಾರರಲ್ಲಿ ಉಳಿದವರೆಲ್ಲ ಒಂದೇ ಮೇಜಿಗೆ ಬರುತ್ತಾರೆ. ಆ ಕೊನೆಯ ಮೇಜಿಗೆ ಎಲೆ ಹಂಚುವುದು ಈ ಕಸುಬಿನ ದೊಡ್ಡ ಗೌರವ. ಟೂರ್ನಿಯ ಉದ್ದಕ್ಕೂ ಯಾರ ಮೇಜಿನಲ್ಲಿ ಒಂದೂ ತಪ್ಪು ಆಗಲಿಲ್ಲವೋ ಅವರಿಗೆ ಅದು ಸಿಗುತ್ತದೆ, ಅವರ ಮನೆಯವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸುತ್ತಾರೆ. ಇಷ್ಟು ವರ್ಷಗಳಲ್ಲಿ ತಪ್ಪಕ್ಕ ಒಮ್ಮೆಯೂ ಅಲ್ಲಿ ಕೂತಿಲ್ಲ. ಈ ಸಲ ಮಾತ್ರ ನಿನ್ನೆ ರಾತ್ರಿಯವರೆಗೆ ಅವರ ಮೇಜಿನಲ್ಲಿ ಒಂದು ತಪ್ಪೂ ಆಗಿಲ್ಲ. ಬೆಣ್ಣೆ ಎಂದು ಕರೆಸಿಕೊಳ್ಳುವ ಸಹೋದ್ಯೋಗಿಯೊಬ್ಬರ ಮೇಜಿನಲ್ಲೂ ಆಗಿಲ್ಲ. ಉಳಿದವರೆಲ್ಲ ಆಗಲೇ ಹೊರಗೆ. ಇಬ್ಬರೂ ಸಮ ನಿಂತರೆ ಹಿರಿಯರಿಗೆ, ಅಂದರೆ ತಪ್ಪಕ್ಕನಿಗೆ.

ಮಗಳು ಅಮ್ಮನ ಕರಿಯ ವೇಸ್ಟ್‌ಕೋಟಿಗೆ ಇಸ್ತ್ರಿ ಹಾಕಿ ತರುತ್ತಾಳೆ. ಕಾಲೇಜಿಗೆ ಹೋಗುವ ಹುಡುಗಿ. ಗೆಳತಿಯರ ಹತ್ತಿರ "ಅಮ್ಮ ಹಂಚೋ ಕೆಲಸ ಮಾಡ್ತಾರೆ" ಎಂದಷ್ಟೇ ಹೇಳಿದ್ದಳಂತೆ. ಹಾಲಾ, ಪೇಪರಾ ಎಂದು ಕೇಳಿದಾಗ "ಎಲೆ" ಅಂದಳಂತೆ. "ಓ, ಸೊಪ್ಪಿನ ವ್ಯಾಪಾರ!" ಎಂದು ಅವರೇ ತೀರ್ಮಾನಿಸಿಕೊಂಡರು, ಇವಳು ತಿದ್ದಲಿಲ್ಲ. ಅಮ್ಮನ ಕೆಲಸವನ್ನು ಇಲ್ಲಿಯವರೆಗೆ ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ಕೊನೆಯ ಮೇಜು ಸಿಕ್ಕಿದರೆ ಬರುತ್ತೇನೆಂದು ಈ ಸಲ ತಾನಾಗಿಯೇ ಹೇಳಿದ್ದಾಳೆ.

"ಅಮ್ಮಾ, ಇವತ್ತೊಂದು ದಿನ ಕೈ ಕೆಳಗಿರಲಿ ಆಯ್ತಾ?"

"ನೋಡೋಣ ಕಂದಾ."

"ನೋಡೋಣ ಅಂದ್ರೆ ಎತ್ತೋದು ಗ್ಯಾರಂಟಿ" ಎಂದು ಒಳಗಿನಿಂದ ಗಂಡನ ದನಿ. ಅವರು ಬೀದಿಯ ತುದಿಯಲ್ಲಿ ಪಂಚರ್ ಅಂಗಡಿ ಇಟ್ಟಿದ್ದಾರೆ. ಅಂಗಡಿ ಒಮ್ಮೆ ಮುಚ್ಚುವ ಹಂತಕ್ಕೆ ಬಂದಾಗಲೇ ತಪ್ಪಕ್ಕ ಎಲೆ ಹಿಡಿದದ್ದು. ಅದಕ್ಕೂ ಮೊದಲು ಒಂದು ಲಾಂಡ್ರಿಯಲ್ಲಿ ದುಡಿಯುತ್ತಿದ್ದರು. ಹೋಟೆಲುಗಳಿಂದ ಬರುವ ಹಾಸಿಗೆಯ ಬಟ್ಟೆಗಳನ್ನು ಮಡಚುವ ಕೆಲಸ. ಮಡಿಕೆ ಹಾಕುವ ಆ ಬೆರಳುಗಳನ್ನು ಕಂಡ ಯಾರೋ ಗಿರಾಕಿ, "ಎಲೆ ಹಂಚೋದು ಕಲೀತೀಯೇನಮ್ಮಾ?" ಎಂದು ಕೇಳಿದರಂತೆ. ನೆಂಟರಿಗೆ ತಿಳಿದಾಗ ಮನೆಯಲ್ಲಿ ದೊಡ್ಡ ರಾದ್ಧಾಂತ. ನಾದಿನಿ ಎರಡು ವರ್ಷ ಮಾತು ಬಿಟ್ಟಿದ್ದಳು. ಓರಗಿತ್ತಿ ಮಾತ್ರ ಬಿಡಲಿಲ್ಲ. "ಬಿಟ್ಟಿದ್ರೆ ಚೆನ್ನಾಗಿತ್ತು" ಎನ್ನುತ್ತಾರೆ ತಪ್ಪಕ್ಕ.

ಬಸ್ಸಿನಲ್ಲಿ ಅವರ ಪಕ್ಕ ಕೂತು ಕೇಳಿದೆ, ದಿನಕ್ಕೆ ಎಷ್ಟು ಎಲೆ ಹಂಚಬಹುದು? ನನ್ನ ಪತ್ರಿಕೆಯವರಿಗೆ ಇಂಥ ಅಂಕಿಗಳು ಬೇಕು. ಅವರು ಕಿಟಕಿಯಾಚೆ ನೋಡುತ್ತಾ ಯೋಚಿಸಿದರು. "ಎಣಿಸಿಲ್ಲಮ್ಮ. ಕಸ ಗುಡಿಸೋರು ಧೂಳಿನ ಕಣ ಎಣಿಸ್ತಾರಾ?"

ಟೂರ್ನಿಯ ಹಾಲ್ ಎಂದರೆ ನಾನು ಏನೇನೋ ಊಹಿಸಿಕೊಂಡಿದ್ದೆ. ಒಳಗೆ ಹೋದರೆ ಮದುವೆ ಮುಗಿದ ಛತ್ರದಂತಿದೆ. ಉದ್ದನೆಯ ಕೋಣೆ, ಸಾಲು ಸಾಲು ಹಸಿರು ಮೇಜುಗಳು, ಅರ್ಧಕ್ಕರ್ಧ ಖಾಲಿ. ಕೊನೆಯ ಗೋಡೆಯ ಹತ್ತಿರ ಹಗ್ಗ ಕಟ್ಟಿದ ಒಂದು ಜಾಗ, ಅಲ್ಲಿ ಒಂದೇ ಮೇಜು, ಮೇಲೆ ತೂಗುದೀಪ. ಸಂಜೆಯ ಮೇಜು ಅದೇ. ತಪ್ಪಕ್ಕ ಆ ಕಡೆ ನೋಡದೆ ಕೈ ತೊಳೆಯಲು ಹೋಗುತ್ತಾರೆ. ಕೈಗೆ ಎಣ್ಣೆ, ಕ್ರೀಮು ಏನೂ ಹಚ್ಚುವಂತಿಲ್ಲ, ಎಲೆಗೆ ಗುರುತು ಬೀಳುತ್ತದೆ. ಚಳಿಗಾಲದಲ್ಲಿ ಬೆರಳ ತುದಿ ಒಡೆದು ರಕ್ತ ಬಂದರೂ ಅಷ್ಟೇ. ಈರುಳ್ಳಿ ಹೆಚ್ಚುವುದು, ತೆಂಗಿನಕಾಯಿ ಒಡೆಯುವುದು ಎಲ್ಲ ಗಂಡನ ಪಾಲು. "ಕೈ ಕುಯ್ಕೊಂಡ್ರೆ ನಾನು ಟೈರಿಗೆ ಹಾಕೋ ಹಾಗೆ ಪ್ಯಾಚ್ ಹಾಕೋಕಾಗುತ್ತಾ?" ಎನ್ನುತ್ತಾರಂತೆ ಅವರು.

ಇನ್ನು ಹೆಸರಿನ ಕತೆ. ಹಂಚುವವರಿಗೆ ತಪ್ಪಾದರೆ ಮೇಜು ಬಿಟ್ಟು ಏಳುವಂತಿಲ್ಲ. ಒಂದು ಕೈ ಎತ್ತಿ ಸೂಪರ್‌ವೈಸರನ್ನು ಕರೆಯಬೇಕು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಇವರು ಎಷ್ಟು ಸಲ ಕೈ ಎತ್ತಿದರೆಂದರೆ, ತರಗತಿಯ ಜಾಣ ಹುಡುಗಿ ಎಂದು ಉಳಿದವರು ನಕ್ಕರು. ಎಲೆ ಹಾರುವಾಗ ಅದರ ಮುಖ ಯಾರಿಗೋ ಮಿಂಚಿ ಹೋದರೆ ಕೈ. ಇಬ್ಬರ ಸರದಿ ಹಿಂದುಮುಂದಾದರೆ ಕೈ. ಆಟಗಾರರು ಗಮನಿಸದೇ ಇದ್ದರೂ ಕೈ. ಉಳಿದವರಿಗೆ ತಪ್ಪಾಗುವುದಿಲ್ಲವೇ? ಆಗುತ್ತದೆ. ಯಾರೂ ನೋಡದಿದ್ದರೆ ಅದು ಅಲ್ಲಿಯೇ ಮಣ್ಣಾಗುತ್ತದೆ. ಹೀಗಾಗಿ ಹಾಲ್‌ನವರ ಲೆಕ್ಕದಲ್ಲಿ ಅತಿ ಹೆಚ್ಚು ತಪ್ಪು ಮಾಡುವವರು ಇವರೇ. ತಪ್ಪಕ್ಕ.

"ಬೇಜಾರಾಗಲ್ವಾ, ಆ ಹೆಸರಿಗೆ?"

"ಮೊದಮೊದಲು ಆಗ್ತಿತ್ತು. ಈಗ ಯಾರಾದ್ರೂ ಸರಿಯಾದ ಹೆಸರಲ್ಲಿ ಕರೆದ್ರೆ ಏನೋ ತೊಂದ್ರೆ ಇದೆ ಅಂತ ಗಾಬರಿಯಾಗುತ್ತೆ."

ಹಳೆಯ ಆಟಗಾರರಿಗೆ ಮಾತ್ರ ಬೇರೆ ಲೆಕ್ಕ. ಅರ್ಧ ಗಂಟೆಗೊಮ್ಮೆ ಹಂಚುವವರು ಮೇಜು ಬದಲಿಸುತ್ತಾರೆ. ಇವರು ಬಂದು ಕೂತಾಗ ಯಾರೋ ಒಬ್ಬರು "ತಪ್ಪಕ್ಕ ಬಂದ್ಲು, ಇನ್ನು ಕಣ್ಣು ಮುಚ್ಕೊಂಡು ಆಡಬಹುದು" ಎನ್ನುವುದನ್ನು ನನ್ನ ಕಿವಿಯಾರೆ ಕೇಳಿದೆ. ಅದೇ ಆಟಗಾರ ಹತ್ತು ನಿಮಿಷದಲ್ಲಿ ಸೋತು "ನಿನ್ನ ಕೈಗೆ ಏನು ಬಂದಿದೆಯಮ್ಮಾ ಇವತ್ತು!" ಎಂದು ಬಯ್ದದ್ದನ್ನೂ ಕೇಳಿದೆ. ಇವರು ಮುಖದಲ್ಲಿ ಒಂದು ಗೆರೆಯನ್ನೂ ಅಲುಗಿಸಲಿಲ್ಲ. ಆಮೇಲೆ ಟೀ ಕುಡಿಯುವಾಗ ಹೇಳಿದರು: "ಒಳ್ಳೆ ಎಲೆ ಬಿದ್ರೆ ಅವರ ಬುದ್ಧಿ. ಕೆಟ್ಟದ್ದು ಬಿದ್ರೆ ನನ್ನ ಕೈಗುಣ."

ಆ ಕೈಯ ಬಗ್ಗೆ ನಾನು ಎಷ್ಟು ಬರೆದರೂ ಕಡಿಮೆಯೇ. ಮೇಜಿನ ತುಂಬ ಒಂಬತ್ತು ಜನರ ಕೈಗಳು ಬಿಲ್ಲೆ ತಳ್ಳುತ್ತವೆ, ಗಲ್ಲ ಕೆರೆಯುತ್ತವೆ, ನಡುಗುತ್ತವೆ, ನಡುಕವನ್ನು ಅಡಗಿಸುತ್ತವೆ. ನಡುವೆ ಈ ಒಂದು ಜೊತೆ ಕೈಗಳಿಗೆ ಮಾತ್ರ ಏನೂ ಬೇಕಾಗಿಲ್ಲ. ಬಂದದ್ದನ್ನು ಕೊಡುತ್ತವೆ, ಬಿಟ್ಟದ್ದನ್ನು ಬಾಚುತ್ತವೆ. ನೋಡುತ್ತಾ ನಿಂತರೆ ಉಸಿರಾಡುವುದು ಮರೆತುಹೋಗುತ್ತದೆ. ಮರೆತಿದ್ದೆ ಕೂಡ. ಯಾರೋ "ದಾರಿ ಬಿಡಿ ಮೇಡಂ" ಎಂದಾಗ ನೆನಪಾಯಿತು.

ಮಧ್ಯಾಹ್ನದ ಹೊತ್ತಿಗೆ ಮೂರು ಮೇಜುಗಳಷ್ಟೇ ಉಳಿದಿವೆ. ತಪ್ಪಕ್ಕನ ಎಡಗಡೆಯ ಮೊದಲ ಕುರ್ಚಿಗೆ ಒಬ್ಬ ಅಜ್ಜಿ ಬಂದು ಕೂರುತ್ತಾರೆ. ರೈಲ್ವೆಯಲ್ಲಿ ಟಿಕೆಟ್ ಕೊಡುವ ಕೆಲಸ ಮಾಡಿ ನಿವೃತ್ತರಾದವರು, ಮೊಮ್ಮಕ್ಕಳಿಂದ ಆಟ ಕಲಿತವರು. ಇದೇ ಅವರ ಮೊದಲ ಟೂರ್ನಿ. ಇಲ್ಲಿಯವರೆಗೆ ಹೇಗೆ ಬಂದರೋ ಅವರಿಗೇ ಗೊತ್ತಿಲ್ಲ. ಬಿಡುವಿನಲ್ಲಿ ಸ್ವೆಟರ್ ಹೆಣೆಯುತ್ತಾರೆಂದು ಎಲ್ಲರೂ ಅವರನ್ನು ಸ್ವೆಟರಜ್ಜಿ ಎನ್ನುತ್ತಿದ್ದಾರೆ.

ಎಲೆ ಹಂಚಿಯಾಗಿದೆ. ಅಜ್ಜಿ ತಮ್ಮ ಎರಡನ್ನು ಮೂಲೆ ಎತ್ತಿ ನೋಡಿ, ಕೆಳಗಿಟ್ಟು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಲು ಶುರುಮಾಡುತ್ತಾರೆ. ಎಲೆಗಳ ಮೇಲೆ ಬಿಲ್ಲೆಯೂ ಇಲ್ಲ, ಬೆರಳೂ ಇಲ್ಲ. ಅವರ ಸರದಿ ಇನ್ನೂ ಬಂದಿಲ್ಲ. ಪಕ್ಕದ ಗಡ್ಡದವರು ತಮ್ಮ ಎಲೆಗಳನ್ನು ಎಸೆಯುತ್ತಾರೆ. ಜೋರಾಗಿ ಎಸೆದ ಅವು ಜಾರಿ ಬಂದು ಅಜ್ಜಿಯ ಎಲೆಗಳ ಮೇಲೇರಿ ನಿಲ್ಲುತ್ತವೆ. ತಪ್ಪಕ್ಕನ ಎಡಗೈ ಬಾಚಲು ಹೊರಟಿದೆ. ಬಾಚಿಯೂ ಆಯಿತು. ನಾಲ್ಕೂ ಎಲೆಗಳು ಅಂಗೈ ಕೆಳಗೆ ಗುಡ್ಡೆಯ ಕಡೆಗೆ ಅರ್ಧ ದಾರಿ ಸಾಗಿವೆ.

ಅಲ್ಲಿ ಕೈ ನಿಂತಿತು.

ಅದು ನಿಂತ ರೀತಿಯನ್ನು ಹೇಗೆ ಹೇಳಲಿ? ಓಡುತ್ತಿರುವ ಫ್ಯಾನು ಸ್ವಿಚ್ ಆರಿಸಿದ ಮೇಲೂ ಒಂದಷ್ಟು ಸುತ್ತುತ್ತದಲ್ಲ, ಇದು ಹಾಗಲ್ಲ. ಬೆರಳ ಗೆಣ್ಣುಗಳು ಬೆಳ್ಳಗಾದವು. ನಾಲ್ಕು ಎಲೆಗಳಲ್ಲಿ ಒಂದೂ ಗುಡ್ಡೆಗೆ ತಾಗಿಲ್ಲ. ಮೇಜಿನಲ್ಲಿ ಯಾರಿಗೂ ಏನೂ ತಿಳಿದಿಲ್ಲ, ಎಲ್ಲರ ಕಣ್ಣು ಎದುರುಬದಿಯಲ್ಲಿ ಬಿಲ್ಲೆ ತಳ್ಳುತ್ತಿದ್ದವರ ಮೇಲಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ಮುಂದೆ ನೋಡುತ್ತಾರೆ, ಎಲೆ ಇಲ್ಲ. "ಓ, ಮುಗೀತೇನೋ" ಎಂದು ತಮಗೆ ತಾವೇ ಹೇಳಿಕೊಂಡು ಚೀಲದಲ್ಲಿದ್ದ ಉಣ್ಣೆಗೆ ಕೈ ಹಾಕುತ್ತಾರೆ.

ತಪ್ಪಕ್ಕನ ಕಣ್ಣು ಒಂದೇ ಒಂದು ಸಲ ಹಗ್ಗ ಕಟ್ಟಿದ ಜಾಗದ ಕಡೆ ಹೋಗಿ ಬಂದದ್ದನ್ನು ನಾನು ನೋಡಿದೆ. ಎಡ ಅಂಗೈ ಕದಲಲಿಲ್ಲ. ಬಲಗೈ ಮೇಲೆದ್ದಿತು.

"ಆಟ ನಿಲ್ಲಿಸಿ. ತಪ್ಪಾಗಿದೆ. ನನ್ನದು."

ಸೂಪರ್‌ವೈಸರ್ ಬರುತ್ತಾರೆ. ಕನ್ನಡಕ ಹಣೆಯ ಮೇಲೆ, ಮುಖದಲ್ಲಿ ಇವತ್ತೂನಾ ಎಂಬ ದಣಿವು. "ಏನಮ್ಮಾ?"

"ಈ ಅಮ್ಮನ ಎಲೆ ಬಾಚಿಬಿಟ್ಟೆ ಸರ್. ಪಕ್ಕದವರದ್ದರ ಜೊತೆ. ನಾಲ್ಕೂ ನನ್ನ ಕೈ ಕೆಳಗಿವೆ, ಗುಡ್ಡೆ ಮುಟ್ಟಿಲ್ಲ."

ಗಡ್ಡದವರಿಗೆ ಸಿಟ್ಟು. "ಎಲೆ ಕಾಯದೇ ಇದ್ದದ್ದು ಅವರ ತಪ್ಪು ಸ್ವಾಮಿ! ಸತ್ತದ್ದು ಸತ್ತದ್ದೇ. ನಿಯಮ ಇದೆಯೋ ಇಲ್ವೋ?"

"ಇದೆ" ಎನ್ನುತ್ತಾರೆ ಸೂಪರ್‌ವೈಸರ್. "ಎಲೆ ಇಂಥದ್ದೇ ಅಂತ ಖಾತ್ರಿಯಾದ್ರೆ ವಾಪಸ್ ಕೊಡಬಹುದು ಅಂತಲೂ ಇದೆ. ಅಮ್ಮಾ, ನಿಮ್ಮ ಎಲೆ ಯಾವುದು? ನನ್ನ ಕಿವೀಲಿ ಹೇಳಿ."

ಅಜ್ಜಿ ಪಿಸುಗುಟ್ಟುತ್ತಾರೆ. ತಪ್ಪಕ್ಕ ಅಂಗೈ ಎತ್ತುತ್ತಾರೆ. ಸೂಪರ್‌ವೈಸರ್ ನಾಲ್ಕನ್ನೂ ಎದೆಗೆ ಹಿಡಿದು ನೋಡಿ, ಎರಡನ್ನು ಆರಿಸಿ ಅಜ್ಜಿಯ ಮುಂದಿಟ್ಟು, ಉಳಿದೆರಡನ್ನು ಗುಡ್ಡೆಗೆ ತಳ್ಳುತ್ತಾರೆ. ಆಟ ಮುಂದುವರಿಯಲಿ ಎನ್ನುತ್ತಾರೆ. ಸರದಿ ಸುತ್ತಿಕೊಂಡು ಅಜ್ಜಿಯ ಹತ್ತಿರ ಬರುತ್ತದೆ.

ಅಜ್ಜಿ ಎಲೆಗಳನ್ನು ಇನ್ನೊಮ್ಮೆ ಮೂಲೆ ಎತ್ತಿ ನೋಡುತ್ತಾರೆ. ಆಮೇಲೆ ಎರಡನ್ನೂ ಮೆಲ್ಲಗೆ ಮುಂದಕ್ಕೆ ತಳ್ಳುತ್ತಾರೆ.

"ಬೇಡಪ್ಪಾ. ಒಂದು ಏಳು, ಒಂದು ಎರಡು. ಇದನ್ನ ಯಾರು ಆಡ್ತಾರೆ!"

ಇಡೀ ಮೇಜು ಬಿದ್ದು ಬಿದ್ದು ನಗುತ್ತದೆ. ಗಡ್ಡದವರೂ ನಗುತ್ತಾರೆ. ಏಳು ಮತ್ತು ಎರಡು, ಇಸ್ಪೀಟು, ಆಟೀನು ಎಂದು ಜಾತಿ ಬೇರೆಯಾದರೆ, ಈ ಆಟದಲ್ಲಿ ಬರಬಹುದಾದ ಅತ್ಯಂತ ಕೆಟ್ಟ ಜೋಡಿಯಂತೆ. ನಗದೇ ಇದ್ದವರು ಇಬ್ಬರೇ, ಸೂಪರ್‌ವೈಸರ್ ಮತ್ತು ತಪ್ಪಕ್ಕ. ತಪ್ಪಕ್ಕ ಆ ಎರಡು ಎಲೆಗಳನ್ನು ಈಗ ನಿಧಾನವಾಗಿ ಬಾಚಿ ಗುಡ್ಡೆಗೆ ಸೇರಿಸಿದರು.

ಬಿಡುವಿನಲ್ಲಿ ಬೆಣ್ಣೆ ಓಡಿಬರುತ್ತಾರೆ. ಬೆಣ್ಣೆಯಲ್ಲಿ ಜಾರಿದಂತೆ ಎಲೆ ಹಂಚುವ ಸಣಕಲು ಮನುಷ್ಯ. ಮುಖದಲ್ಲಿ ಗೆದ್ದ ಕಳೆಯಿಲ್ಲ. "ಏನಕ್ಕಾ ನೀವು! ಮೆಲ್ಲಗೆ ವಾಪಸ್ ತಳ್ಳಿಬಿಡೋದಲ್ವಾ? ಯಾರು ನೋಡ್ತಿದ್ರು?"

"ಯಾವ ಎರಡು ತಳ್ಳಲಿ? ನಾಲ್ಕರ ಬೆನ್ನೂ ಒಂದೇ ಥರ ಇದೆಯಲ್ಲೋ."

"ಹಾಗಾದ್ರೆ ಸುಮ್ನೆ ಗುಡ್ಡೆಗೆ ಹಾಕೋದು. ಅಜ್ಜಿ ಏನೂ ಕೇಳ್ತಿರಲಿಲ್ಲ. ಹೇಗೂ ಎಸೆಯೋ ಎಲೆ ಅದು!"

"ಎಸೆಯೋ ಎಲೇನೇ. ಆದ್ರೆ ಎಸೆಯೋದು ಅವರ ಕೈ. ನನ್ನದಲ್ಲ."

ಬೆಣ್ಣೆ ತಮ್ಮ ಟೀಯನ್ನು ಇವರ ಕಪ್ಪಿಗೆ ಅರ್ಧ ಸುರಿದು ಹೋದರು.

ಅಷ್ಟು ಬೇಗ ಕೈ ಹೇಗೆ ನಿಲ್ಲುತ್ತದೆ ಎಂದು ಕೇಳಬೇಕೆಂದಿದ್ದೆ. ನಾನು ಕೇಳದೆಯೇ ತಪ್ಪಕ್ಕ ಹೇಳಿದರು. ತಪ್ಪಾಯಿತೆಂದು ಗೊತ್ತಾದ ಕ್ಷಣ ಎಲ್ಲರ ಕೈಯೂ ಇನ್ನಷ್ಟು ಜೋರಾಗಿ ಓಡುತ್ತದಂತೆ, ಮುಚ್ಚಿಹಾಕಲು. "ಲಾಂಡ್ರೀಲಿ ಇದನ್ನ ಕಲಿತದ್ದು. ಬಿಳಿ ಬಟ್ಟೆ ಮೇಲೆ ಏನಾದ್ರೂ ಚೆಲ್ಲಿದ್ರೆ ಹೊಸಬರು ಗಾಬರಿಯಿಂದ ಉಜ್ಜೋಕೆ ಹೋಗ್ತಾರೆ. ಉಜ್ಜಿದ್ರೆ ಹರಡ್ತು ಅಂತಲೇ ಲೆಕ್ಕ. ಮೊದಲು ಕೈ ತೆಗೀಬೇಕು. ಇಲ್ಲಿ ಕೈ ತೆಗಿಯೋ ಹಾಗಿಲ್ಲ, ನಿಲ್ಲಿಸಬೇಕು. ಅಷ್ಟೇ ವ್ಯತ್ಯಾಸ." ಇಷ್ಟು ಹೇಳಿ ತಮ್ಮ ಎಡಗೈಯನ್ನು ಬಲಗೈಯಿಂದ ಒತ್ತಿಕೊಂಡರು.

ನಾಲ್ಕು ಗಂಟೆಗೆ ಸೂಪರ್‌ವೈಸರ್ ಎಲ್ಲರನ್ನೂ ಒಟ್ಟು ಸೇರಿಸುತ್ತಾರೆ. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಅವರಿಗಿಲ್ಲ. ಕೊನೆಯ ಮೇಜು ಬೆಣ್ಣೆಗೆ. ಆಮೇಲೆ ತಪ್ಪಕ್ಕನ ಕಡೆ ತಿರುಗಿ, "ನೀನು ಸೋತವರ ಮೇಜಿಗೆ ಹೋಗಮ್ಮ" ಎನ್ನುತ್ತಾರೆ. ಟೂರ್ನಿಯಿಂದ ಹೊರಬಿದ್ದವರು ಹೊತ್ತು ಕಳೆಯಲು ಆಡುವ ಮೇಜದು, ಬಾಗಿಲ ಪಕ್ಕ. ಒಂದು ಗಳಿಗೆ ತಡೆದು ಇನ್ನೂ ಹೇಳುತ್ತಾರೆ: "ನಿಯಮ ನಾನು ಮಾಡಿದ್ದಲ್ಲ."

"ನಿಯಮ ಸರಿಯಾಗೇ ಇದೆ ಸರ್" ಎನ್ನುತ್ತಾರೆ ತಪ್ಪಕ್ಕ.

ಗೋಡೆಯ ಪಕ್ಕ ನಿಂತು ಮನೆಗೆ ಫೋನು ಮಾಡುತ್ತಾರೆ. ಮಗಳ ದನಿ ನನಗೂ ಕೇಳಿಸುತ್ತದೆ.

"ಸಿಕ್ತಾ ಅಮ್ಮಾ?"

"ಇಲ್ಲ ಕಂದಾ."

"...ಎತ್ತಿದ್ಯಾ?"

"ಹೂಂ. ಒಬ್ಬರು ಅಜ್ಜಿಗೆ."

"ಅಜ್ಜಿ ಗೆದ್ರಾ?"

"ಎಸೆದ್ರು."

ಆ ಕಡೆಯಿಂದ ನಗು, ತಡೆದೂ ತಡೆಯಲಾರದ ನಗು. ಅದರ ಹಿಂದೆ ಅತ್ತೆಯ "ಏನಂತೆ? ಏನಂತೆ?" ನಕ್ಕು ಮುಗಿದ ಮೇಲೆ ಮಗಳು ಕೇಳುತ್ತಾಳೆ, "ಮುಂದಿನ ಸಾಲು ಸಿಗಲ್ಲ, ಅಷ್ಟೇ ತಾನೇ? ಒಳಗೆ ಬಿಡ್ತಾರಲ್ಲ?"

"ಬಾಗಿಲ ಹತ್ರ ನಿಂತ್ಕೋಬೇಕಾಗುತ್ತೆ. ಏನೂ ಕಾಣಲ್ಲ."

"ನಿನ್ನ ಕೈ ಕಾಣುತ್ತಲ್ಲ. ಸಾಕು."

ಫೋನು ಇಟ್ಟ ಮೇಲೆ ನಾನು ಕೇಳಲೋ ಬೇಡವೋ ಎಂದುಕೊಂಡೇ ಕೇಳಿದೆ. ಬೇಜಾರಾಯಿತೇ?

"ಆಯ್ತು" ಎಂದರು ನೇರವಾಗಿ. "ಆಗಿಲ್ಲ ಅಂದ್ರೆ ಸುಳ್ಳಾಗುತ್ತೆ. ಆ ದೀಪದ ಕೆಳಗೆ ಒಂದು ಸಲ ಕೂರಬೇಕು ಅಂತ ಆಸೆ ಇದ್ದೇ ಇದೆ. ಇವತ್ತಲ್ಲ ಅಷ್ಟೇ."

ಐದು ದಾಟಿದೆ. ತೂಗುದೀಪ ಹತ್ತಿದೆ, ಹಗ್ಗದ ಸುತ್ತ ಜನ ಮುತ್ತಿದ್ದಾರೆ. ಬಾಗಿಲ ಪಕ್ಕದ ಮೇಜಿನಲ್ಲಿ ಸೋತವರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ತಪ್ಪಕ್ಕ ಕಟ್ಟು ಬಿಚ್ಚಿ ಎಲೆಗಳನ್ನು ಹರಡಿದ್ದಾರೆ. ಅಷ್ಟರಲ್ಲಿ ಸ್ವೆಟರಜ್ಜಿ ಬರುತ್ತಾರೆ. ಒಂದು ಗಂಟೆಯ ಹಿಂದೆ ಅವರೂ ಹೊರಬಿದ್ದಿದ್ದಾರೆ. ಮೇಜಿನ ಆ ತುದಿಯಲ್ಲಿ, ಗೋಡೆಯ ಕಡೆ, ಒಳ್ಳೆಯ ಕುರ್ಚಿಗಳೇ ಖಾಲಿ ಇವೆ. ಅವರು ಅವನ್ನೆಲ್ಲ ದಾಟಿ ಬಂದು ತಪ್ಪಕ್ಕನ ಎಡಮೊಣಕೈಗೆ ಒತ್ತಿಕೊಂಡಿರುವ ಕುರ್ಚಿಯನ್ನೇ ಎಳೆದುಕೊಳ್ಳುತ್ತಾರೆ.

"ಅಲ್ಲಿ ಕೂತ್ಕೊಳ್ಳಿ ಅಜ್ಜೀ, ಇಲ್ಲಿ ಇಕ್ಕಟ್ಟು" ಎನ್ನುತ್ತಾರೆ ಯಾರೋ.

"ಇರಲಿ ಬಿಡಪ್ಪಾ. ಇವಳ ಪಕ್ಕ ಕೂತ್ರೆ ನನ್ನ ಎಲೆಗೆ ಭಯವಿಲ್ಲ."

ಬಾಗಿಲಲ್ಲಿ ಮಗಳೂ ಅತ್ತೆಯೂ ಬಂದು ನಿಂತಿದ್ದಾರೆ. ಅತ್ತೆ ತುದಿಗಾಲಲ್ಲಿ. ತಪ್ಪಕ್ಕ ಅವರನ್ನು ನೋಡಿದರೋ ಇಲ್ಲವೋ, ತಿಳಿಯುವುದಿಲ್ಲ. ಎಲೆಗಳು ಹಾರಿ ಹೋಗಿ ಒಬ್ಬೊಬ್ಬರ ಮುಂದೆ ಕೂರುತ್ತವೆ. ಅಜ್ಜಿ ತಮ್ಮ ಎರಡನ್ನು ನೋಡಿ, ಕೆಳಗಿಟ್ಟು, ನೆಮ್ಮದಿಯಿಂದ ಉಣ್ಣೆಯ ಚೀಲಕ್ಕೆ ಕೈ ಹಾಕುತ್ತಾರೆ. ತಪ್ಪಕ್ಕ ಅವರ ಕಡೆ ಬಾಗಿ ಹೇಳುತ್ತಾರೆ, ಮೆತ್ತಗೆ, ಆದರೆ ಇಡೀ ಮೇಜಿಗೆ ಕೇಳಿಸುವಂತೆ:

"ನನ್ನನ್ನ ಅಷ್ಟೊಂದು ನಂಬಬೇಡಿ ಅಮ್ಮಾ. ಎಲೆ ಮೇಲೆ ಬೆರಳಿಡಿ."